ಎಂಟು ಪಾಯಿಂಟ್ ಎರಡು

ರಾಯಚೂರು
೨೪ ನವೆಂಬರ್ ೨೦೨೪, ಭಾನುವಾರ

ಅಜ್ಜಿಗೆ ಪ್ರಿಯದರ್ಶಿನಿಯ ನಮಸ್ಕಾರ.

ಇವತ್ತು ಫೋನಿನಲ್ಲಿ ನಾನು ಹೇಳಿದ್ದು ಒಂದೂ ನಿನಗೆ ಕೇಳಿಸಲಿಲ್ಲ. "ಹವಳ ಹೆಂಗದ?" ಅಂತ ನಾನು ಕೂಗಿದರೆ "ಹೂನವ್ವ, ಉಂಡೀನಿ" ಅಂದೆ. ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಭಾನುವಾರ ವಾರ್ಡನ್ ಮೇಡಂ ಫೋನಿನಲ್ಲಿ ಒಬ್ಬೊಬ್ಬರಿಗೆ ಎರಡೇ ನಿಮಿಷ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಪ್ಪನ ಬಸ್ಸು ದಿನಾ ದೇವದುರ್ಗದಿಂದ ಇಲ್ಲಿಗೆ ಬರುತ್ತದಲ್ಲ, ಅವನ ಕೈಯಲ್ಲೇ ಉತ್ತರ ಕಳಿಸು. ಆದರೆ ಲಕೋಟೆಗೆ ಅಂಟು ಹಚ್ಚು, ಅಪ್ಪ ಓದಬಾರದು.

ಯಾಕೆಂದರೆ ನಿನ್ನ ನಂತರ ಅಪ್ಪ ಫೋನ್ ತಗೊಂಡು, "ನಿನ್ ಹವಳ ಮುದುಡಿ ಕುಂತದ. ಸಂಕ್ರಾಂತಿ ತನಕ ನೋಡ್ತೀನಿ. ಚೇತರಿಸಿಕೊಂಡ್ರ ಇರಲಿ, ಇಲ್ಲಂದ್ರ ಪೆಟ್ಟಿಗಿ ಸಮೇತ ಮಿನಾಜ್ ಅಂಗಡಿಗೆ ವಾಪಸ್. ಮನ್ಯಾಗ ಸಾಯಾದನ್ನ ನೋಡ್ಕೊಂತ ಕೂಡಾಕ ನನ್ ಕೈಲಿ ಆಗಂಗಿಲ್ಲ" ಅಂದ. ಎಸ್ಸೆಸ್ಸೆಲ್ಸಿಯಲ್ಲಿ ಆರುನೂರರ ಮೇಲೆ ತೆಗೆದರೆ ಕೇಳಿದ್ದು ಕೊಡಿಸುತ್ತೇನೆ ಅಂದವನೂ ಅವನೇ. ನಾನು ಕಡಲು ಕೇಳಿದೆ, ಇಲ್ಲಿನ ಮಿನಾಜ್ ಅಕ್ಕನ ಅಂಗಡಿಯಿಂದ ಉಪ್ಪುನೀರಿನ ಗಾಜಿನ ಪೆಟ್ಟಿಗೆ, ಮೀನು, ಸೀಗಡಿ, ಜೀವಂತ ಹವಳ ಕೊಡಿಸಿದ. ಈಗ ಹಿಂದಕ್ಕೆ ಕೇಳುತ್ತಿದ್ದಾನೆ.

ನೀರಿನ ಪಿಎಚ್ ಇಳಿದಿರಬೇಕು ಅಜ್ಜಿ. ಪಿಎಚ್ ಅಂದರೆ ನೀರು ಹುಳಿಯ ಕಡೆ ವಾಲಿದೆಯೋ ಸುಣ್ಣದ ಕಡೆ ವಾಲಿದೆಯೋ ಅಂತ ಹೇಳುವ ಅಂಕಿ. ಉಪ್ಪುನೀರಿಗೆ ಎಂಟು ಪಾಯಿಂಟ್ ಎರಡು ಇದ್ದರೆ ಚೆನ್ನ. ಪೆಟ್ಟಿಗೆಯ ಮೇಲೆ ಪೆನ್ನಿನಂಥ ಒಂದು ಮೀಟರ್ ಇಟ್ಟು ಬಂದಿದ್ದೇನೆ. ಅದನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರಿನಲ್ಲಿ ಅದ್ದಿ ಬಂದ ಅಂಕಿ ಬರೆದಿಡು. ಗಬ್ಬೂರು ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನೀನು, ನಮ್ಮ ಮನೆಯಲ್ಲಿ ನಿನ್ನಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿಲ್ಲ.

ಪೆಟ್ಟಿಗೆ ಇರುವ ಕೋಣೆಗೆ ಯಾರನ್ನೂ ಬಿಡಬೇಡ. ಧೂಳು ಬರದ ಹಾಗೆ ಕಿಟಕಿಯ ಸಂದಿಗೆಲ್ಲ ನಾನು ಹಚ್ಚಿದ ಟೇಪು ಹಾಗೇ ಇರಲಿ.

ಪ್ರಿಯಾ

ದೇವದುರ್ಗ
೨೮ ನವೆಂಬರ್ ೨೦೨೪

ಪ್ರಿಯದರ್ಶಿನಿಗೆ ಅಜ್ಜಿ ಆದೆಮ್ಮ ಬರೆಯುವುದು.

ಹೊಗಳಿ ಕೆಲಸ ಮಾಡಿಸಿಕೊಳ್ಳುವುದನ್ನು ನಿನ್ನಿಂದ ಕಲಿಯಬೇಕು. ಇರಲಿ, ದುಂಡಗೆ ಬರೆಯುವ ಮಾತು ನಿಜವೇ.

ನಾಲ್ಕು ದಿನ ಅದ್ದಿ ನೋಡಿದೆ. ಬೆಳಿಗ್ಗೆ ಏಳು ಪಾಯಿಂಟ್ ಆರು, ಸಂಜೆ ಏಳು ಪಾಯಿಂಟ್ ಒಂಬತ್ತು. ಒಂದು ದಿನವೂ ಎಂಟರ ಮುಖ ಕಾಣಲಿಲ್ಲ. ಪಟ್ಟೆ ಮೀನು ಎರಡೂ ಆರಾಮಾಗಿ ಓಡಾಡಿಕೊಂಡಿವೆ, ಉಣ್ಣುವುದಕ್ಕೆ ಮುಂದು. ಕೆಂಪು ಸೀಗಡಿ ಕಲ್ಲಿನ ಹಿಂದೆ ಅಡಗಿ ಮೀಸೆ ಆಡಿಸುತ್ತದೆ. ಹವಳ ಮಾತ್ರ ಮುಷ್ಟಿ ಬಿಗಿದ ಹಾಗೆ ಕೂತಿದೆ. ಹಸಿರು ಬಣ್ಣ ಮಾಸಿದೆ.

ಆ ಕೋಣೆಗೆ ಒಬ್ಬ ಮನುಷ್ಯನೂ ಕಾಲಿಟ್ಟಿಲ್ಲ. ನಿನ್ನ ಟೇಪು ಭದ್ರವಾಗಿದೆ. ಚಳಿ ಬಿದ್ದಿದೆ, ಬಾಗಿಲನ್ನೂ ಮುಚ್ಚಿಯೇ ಇಡುತ್ತೇನೆ.

ನಿನ್ನ ದುರುಗೇಶ ಕಾಕಾ ಕುರಿ ಹೊಡೆದುಕೊಂಡು ಮಾನ್ವಿ ಕಡೆ ಹೋದ. ಅಲ್ಲಿ ಭತ್ತದ ಕೊಯ್ಲು ಮುಗಿದಿದೆ, ಗೊಬ್ಬರಕ್ಕೆ ಗದ್ದೆಯಲ್ಲಿ ಮಂದೆ ನಿಲ್ಲಿಸಿ ಎಂದು ಗದ್ದೆಯವರು ಕರೆಸಿಕೊಂಡಿದ್ದಾರೆ. ಸಂಕ್ರಾಂತಿ ದಾಟಿದ ಮೇಲೇ ಬರುವುದು. ನಿನ್ನ ಅವ್ವ ಲಲಿತಾ ಅಂಗನವಾಡಿಯಿಂದ ಬರುವುದು ನಾಲ್ಕಕ್ಕೆ. ಆದ್ದರಿಂದ ನಾನೂ ನಿನ್ನ ಕಡಲೂ ದಿನವೆಲ್ಲ ಮುಖ ನೋಡಿಕೊಂಡು ಕೂತಿರುತ್ತೇವೆ.

ರೊಟ್ಟಿ ಕಳಿಸಿದ್ದೇನೆ. ಪಕ್ಕದ ಹುಡುಗಿಗೂ ಕೊಡು.

ನಿನ್ನ ಅಜ್ಜಿ

ರಾಯಚೂರು
೨ ಡಿಸೆಂಬರ್ ೨೦೨೪

ಅಜ್ಜಿ,

ಏಳು ಪಾಯಿಂಟ್ ಆರು ಅಂತ ಓದಿದವಳೇ ಬರೆಯಲು ಕೂತೆ. ಇದು ಕ್ಷಾರ ಕಡಿಮೆಯಾದ ಲಕ್ಷಣ, ನನಗೆ ಚೆನ್ನಾಗಿ ಗೊತ್ತು, ಇದೇ ಪಾಠ ಈಗ ನಮಗೆ ನಡೆದಿದೆ. ಅಡುಗೆ ಸೋಡಾ ಒಂದು ಚಮಚ ಬಿಸಿನೀರಲ್ಲಿ ಕರಗಿಸಿ, ಆರಿಸಿ, ಸ್ವಲ್ಪಸ್ವಲ್ಪವಾಗಿ ಹಾಕು. ಮೂರು ದಿನ ಬಿಟ್ಟು ಮತ್ತೊಂದು ಚಮಚ. ಅಂಕಿ ಏರಲೇಬೇಕು.

ಮೀನಿಗೆ ಕೈತುಂಬ ಹಾಕಬೇಡ. ಅವು ಕುರಿಮರಿಯಲ್ಲ, ಬಾಯಿ ತೆರೆದಾಗಲೆಲ್ಲ ಉಣಿಸುವುದಕ್ಕೆ.

ರೊಟ್ಟಿ ಒಂದೇ ದಿನಕ್ಕೆ ಖಾಲಿ.

ಪ್ರಿಯಾ

ದೇವದುರ್ಗ
೮ ಡಿಸೆಂಬರ್ ೨೦೨೪

ಪ್ರಿಯಾ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಬರೆದೇಬಿಡುತ್ತೇನೆ. ಸೀಗಡಿ ಹೋಯಿತು.

ನಿನ್ನೆ ಬೆಳಿಗ್ಗೆ ನೋಡಿದರೆ ಮರಳಿನ ಮೇಲೆ ಅಂಗಾತ ಬಿದ್ದಿತ್ತು. ಮೀಸೆ, ಕಾಲು ಎಲ್ಲ ಇದ್ದವು, ಜೀವ ಇರಲಿಲ್ಲ. ಚಮಚದಲ್ಲಿ ತೆಗೆದೆ, ಗಾಳಿಯಷ್ಟು ಹಗುರವಾಗಿತ್ತು. ಹಿತ್ತಲಲ್ಲಿ ಬೇವಿನ ಬುಡಕ್ಕೆ ಹೂತು ನೀರು ಹನಿಸಿ ಬಂದೆ. ಕಣ್ಣಲ್ಲಿ ನೀರು ಬಂತು. ಎಷ್ಟು ಮರಿ ಹೂತಿದ್ದೇನೆ ನಾನು, ಒಂದು ಹುಳಕ್ಕೆ ಅಳುತ್ತೇನೆ ಎಂದುಕೊಂಡಿರಲಿಲ್ಲ.

ನಿನ್ನ ಸೋಡಾ ಎರಡು ಸಲ ಹಾಕಿದೆ. ಅಂಕಿ ಕದಲಲಿಲ್ಲ. ಬೆಳಿಗ್ಗೆ ಅದೇ ಏಳು ಪಾಯಿಂಟ್ ಆರು. ನಿನ್ನಪ್ಪ ಬೀರೇಶ ಬಾಗಿಲಲ್ಲೇ ನಿಂತು ನೋಡಿ, "ಯವ್ವಾ, ಒಂದು ಹೋತು" ಅಂದ. ನಾನು, "ಸಂಕ್ರಾಂತಿ ಇನ್ನೂ ದೂರ ಅದ, ನೀ ಬಸ್ ನೋಡ್ಕೋ ಹೋಗು" ಅಂದೆ.

ನಿನ್ನ ಅಜ್ಜಿ

ರಾಯಚೂರು
೧೧ ಡಿಸೆಂಬರ್ ೨೦೨೪

ಅಜ್ಜಿ,

ನಾನು ಹೇಳಿದ ಹಾಗೆ ನೀನು ಮಾಡಿಲ್ಲ. ಮಾಡಿದ್ದರೆ ಅಂಕಿ ಏರುತ್ತಿತ್ತು. ಜಾಸ್ತಿ ಉಣಿಸಿರಬೇಕು, ಇಲ್ಲವೇ ಸೋಡಾ ಬದಲು ಏನೋ ಹಾಕಿರಬೇಕು. ಕುರಿ ಕಾಯ್ದ ಹಾಗಲ್ಲ ಇದು. ನಿನಗೆ ಕಡಲು ಗೊತ್ತಿಲ್ಲ, ನಿನ್ನ ಕೈಗೆ ಕೊಟ್ಟು ಬಂದದ್ದೇ ನನ್ನ ತಪ್ಪು. ಸಂಕ್ರಾಂತಿವರೆಗೆ ಕಾಯುವುದು ಯಾಕೆ, ಅಪ್ಪನಿಗೆ ಹೇಳು, ಈಗಲೇ ಮಿನಾಜ್ ಅಕ್ಕನಿಗೆ ಕೊಟ್ಟುಬಿಡಲಿ. ಹವಳವಾದರೂ ಉಳಿದೀತು.

ಪ್ರಿಯದರ್ಶಿನಿ

ದೇವದುರ್ಗ
೨೧ ಡಿಸೆಂಬರ್ ೨೦೨೪

ಬೆಳಗಿನ ಅಂಕಿಗಳು.

೧೨ರಿಂದ ೧೫ರವರೆಗೆ ದಿನವೂ ಏಳು ಪಾಯಿಂಟ್ ಆರು. ೧೬ನೆಯ ತಾರೀಖು ಏಳು ಪಾಯಿಂಟ್ ಒಂಬತ್ತು. ೧೭ ಸಹ ಏಳು ಪಾಯಿಂಟ್ ಒಂಬತ್ತು. ೧೮ರಿಂದ ಇವತ್ತಿನವರೆಗೆ ಮತ್ತೆ ಏಳು ಪಾಯಿಂಟ್ ಆರು.

ಆದೆಮ್ಮ

ರಾಯಚೂರು
೨೩ ಡಿಸೆಂಬರ್ ೨೦೨೪

ಅಜ್ಜಿ,

ಹತ್ತು ದಿನ ಕಾದ ಮೇಲೆ ಬಂದ ನಿನ್ನ ಚೀಟಿಯಲ್ಲಿ ನನ್ನ ಹೆಸರೂ ಇರಲಿಲ್ಲ. "ನಿನ್ನ ಅಜ್ಜಿ" ಅಂತಲೂ ಬರೆದಿರಲಿಲ್ಲ. ಹಾಸ್ಟೆಲ್ ಗೇಟಿನ ಹತ್ತಿರ ನಿಂತೇ ಅತ್ತುಬಿಟ್ಟೆ. ಅಪ್ಪ ಪರೀಕ್ಷೆಯ ಭಯ ಅಂದುಕೊಂಡ.

ತಪ್ಪಾಯಿತು. ಒಂದು ನಿಜ ಹೇಳುತ್ತೇನೆ, ಯಾರಿಗೂ ಹೇಳಿಲ್ಲ. ಇದೇ ಆಮ್ಲ, ಕ್ಷಾರದ ಪಾಠದ ಟೆಸ್ಟಿನಲ್ಲಿ ನನಗೆ ನಲವತ್ತಕ್ಕೆ ಒಂಬತ್ತು ಬಂದಿದೆ. "ಚೆನ್ನಾಗಿ ಗೊತ್ತು" ಅಂತ ಬರೆದವಳಿಗೆ ಏನೂ ಗೊತ್ತಿರಲಿಲ್ಲ. ಆ ಸಿಟ್ಟನ್ನೆಲ್ಲ ತಂದು ನಿನ್ನ ಮೇಲೆ ಸುರಿದೆ.

ನಿನ್ನ ಚೀಟಿ ಮುಂದಿಟ್ಟುಕೊಂಡು ಆ ಪಾಠ ಮತ್ತೆ ಓದಿದೆ. ೧೬, ೧೭ನೆಯ ತಾರೀಖು ಅಂಕಿ ತಾನಾಗಿಯೇ ಏರಿದೆ, ಸೋಡಾ ಇಲ್ಲ ಏನಿಲ್ಲ. ನಾವು ಬಿಟ್ಟ ಉಸಿರಿನಲ್ಲಿರುವ ಗಾಳಿ ನೀರಿಗೆ ಸೇರಿದರೆ ನೀರು ಹುಳಿಯಾಗುತ್ತದೆ ಅಜ್ಜಿ. ಕುಡಿಯುವ ಸೋಡಾದ ಬಾಟಲಿಯಲ್ಲಿ ತುಂಬುವುದೂ ಅದೇ ಗಾಳಿ. ಮುಚ್ಚಿದ ಕೋಣೆಯಲ್ಲಿ ಅದು ಹೊರಗೆ ಹೋಗದೆ ನೀರಿಗೇ ಇಳಿಯುತ್ತದೆ. ಮುಚ್ಚಿದವಳು ನಾನು. ಸಂದಿಯೂ ಬಿಡದೆ ಟೇಪು ಹಚ್ಚಿದವಳು ನಾನು. ಕಾಪಾಡುತ್ತೇನೆ ಅಂದುಕೊಂಡು ಅದರ ಬಾಯಿ ಕಟ್ಟಿ ಬಂದಿದ್ದೇನೆ.

ಆದರೆ ಖಾಲಿ ಕೋಣೆ ಅಷ್ಟೊಂದು ಉಸಿರು ಬಿಡುವುದಿಲ್ಲ. ಆ ಎರಡು ದಿನ ಏನಾಗಿತ್ತು? ಆ ಕೋಣೆಯಲ್ಲಿ ಯಾರು ಮಲಗುತ್ತಾರೆ? ನಾನು ಬೈಯುವುದಿಲ್ಲ, ಹೇಳು. ಮೊದಲು ಟೇಪು ಕಿತ್ತು ಬಿಸಾಕು.

ನಿನ್ನ ಪ್ರಿಯಾ

ದೇವದುರ್ಗ
೨೩ ಡಿಸೆಂಬರ್ ೨೦೨೪

ಪ್ರಿಯದರ್ಶಿನಿ,

ನಿನ್ನ ಮೇಲೆ ಸಿಟ್ಟು ಇನ್ನೂ ಇದೆ, ಆದರೆ ಈ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಕಳ್ಳ ಸಿಕ್ಕಿದ್ದಾನೆ. ಒಬ್ಬನಲ್ಲ, ಒಂಬತ್ತು. ಹತ್ತನೆಯವಳು ನಾನು.

ಆ ಕೋಣೆಗೆ ಮನುಷ್ಯರು ಕಾಲಿಟ್ಟಿಲ್ಲ ಎಂದು ಬರೆದಿದ್ದೆ. ಕುರಿಯ ಮಾತು ಎತ್ತಿರಲಿಲ್ಲ. ದುರುಗೇಶ ಮಾನ್ವಿಗೆ ಹೋಗುವಾಗ ಅವಳಿಯಾಗಿ ಹುಟ್ಟಿ ತಾಯಿಹಾಲು ಸಾಲದ ಒಂಬತ್ತು ಮರಿಗಳನ್ನು ನನ್ನ ಹತ್ತಿರ ಬಿಟ್ಟು ಹೋದ. ಆಡಿನ ಹಾಲು ಬಾಟಲಿಯಲ್ಲಿ ಕುಡಿಸುತ್ತಿದ್ದೇನೆ. ಹಗಲು ಅಂಗಳದಲ್ಲಿ ಜಿಗಿದಾಡುತ್ತವೆ. ರಾತ್ರಿ ನಾಯಿ, ಚಳಿ. ಮನೆಯಲ್ಲಿ ಬೆಚ್ಚಗಿರುವುದು ನಿನ್ನ ಕಡಲಿನ ಕೋಣೆ ಒಂದೇ. ಅದಕ್ಕೆ ಹೊತ್ತು ಮುಳುಗಿದ ಮೇಲೆ ಎಲ್ಲವನ್ನೂ ಒಳಗೆ ಸೇರಿಸಿ, ಬಾಗಿಲು ಹಾಕಿ, ನಾನೂ ನಡುವೆ ಮಲಗುತ್ತಿದ್ದೆ. ನಿನ್ನ ಅವ್ವ, "ಅತ್ತಿ, ಹುಡುಗಿಗಿ ಗೊತ್ತಾದ್ರ ಕುಣೀತಾಳ" ಅಂದಳು. ಹೇಳಿದರೆ ತಾನೇ ಕುಣಿಯುವುದು ಅಂದೆ.

ನಿನಗೆ ಕಳಿಸಲು ಅಂಕಿ ನಕಲು ಮಾಡುವಾಗ ೧೬, ೧೭ರ ಮೇಲೆ ನನ್ನ ಪೆನ್ನು ನಿಂತಿತು. ಆ ಬೆಳಗುಗಳ ಹಿಂದಿನ ಎರಡು ರಾತ್ರಿ ಮರಿಗಳು ಮನೆಯಲ್ಲಿರಲಿಲ್ಲ. ಪಶು ಆಸ್ಪತ್ರೆಯ ದಸ್ತಗೀರ್ ಸಾಬ್ ಗಬ್ಬೂರಿಗೆ ಸೂಜಿ ಹಾಕಲು ಬಂದಿದ್ದರು. ಒಂಬತ್ತನ್ನೂ ಕರೆದುಕೊಂಡು ಹೋಗಿ ತವರಿನ ಹಟ್ಟಿಯಲ್ಲೇ ಉಳಿದಿದ್ದೆ. ಸಂಜೆ ಮೀಟರ್ ಅದ್ದಿ ಹೋಗಿ, ಬೆಳಗಿನದ್ದನ್ನು ನಿನ್ನ ಅವ್ವನಿಗೆ ಒಪ್ಪಿಸಿದ್ದೆ.

ಅನುಮಾನ ಬಂದ ಮೇಲೆ ಸುಮ್ಮನಿರುವವಳಲ್ಲ ನಾನು. ಮೊನ್ನೆ ರಾತ್ರಿ ಮರಿಗಳನ್ನು ನಡುಮನೆಯಲ್ಲಿ ಮಲಗಿಸಿದೆ. ಬೆಳಿಗ್ಗೆ ಏಳು ಪಾಯಿಂಟ್ ಒಂಬತ್ತು. ನಿನ್ನೆ ರಾತ್ರಿ ಬೇಕೆಂದೇ ಮತ್ತೆ ಒಳಗೆ ಸೇರಿಸಿದೆ. ಇವತ್ತು ಬೆಳಿಗ್ಗೆ ಏಳು ಪಾಯಿಂಟ್ ಆರು. ಹೊರಗೆ ಹೋಗಿ ಮುಖ ತೊಳೆದು ಮರಳಿ ಬಾಗಿಲು ತೆರೆದಾಗ ಒಳಗಿನ ಗಾಳಿ ಮುಖಕ್ಕೆ ಬಡಿಯಿತು. ಮುಚ್ಚಿದ ದೊಡ್ಡಿಯಲ್ಲಿ ಕುರಿ ತೇಕುತ್ತದೆ, ಅದಕ್ಕೇ ನಾವು ದೊಡ್ಡಿಗೆ ಗೋಡೆ ಕಟ್ಟುವುದಿಲ್ಲ, ಮುಳ್ಳಿನ ಬೇಲಿ ಹಾಕುತ್ತೇವೆ. ಅರವತ್ತು ವರ್ಷದಿಂದ ಗೊತ್ತಿರುವ ಮಾತು, ಟೈಲ್ಸ್ ಹಾಕಿದ ಮನೆಗೆ ಬಂದು ಮರೆತಿದ್ದೆ. ನಿನ್ನ ಟೇಪು ಚರಚರ ಕಿತ್ತು ಕಿಟಕಿ ತೆರೆದೆ. ಸಂಜೆಗೆ ಎಂಟು! ನಾಯಿ ಬಾರದ ಹಾಗೆ ಅಂಗಳದಲ್ಲಿ ಮರಿಗಳಿಗೆ ತಟ್ಟಿ ಕಟ್ಟಿಸಿದ್ದೇನೆ.

ಇನ್ನೊಂದು. ಸೀಗಡಿ ಸತ್ತಿಲ್ಲ. ಇವತ್ತು ಕಲ್ಲಿನ ಹಿಂದಿನಿಂದ ರಾಜನ ಹಾಗೆ ನಡೆದು ಬಂತು. ಮೈಯೆಲ್ಲ ಹೊಸದಾಗಿ ಹೊಳೆಯುತ್ತಿದೆ. ನಾನು ಬೇವಿನ ಬುಡಕ್ಕೆ ಹೂತು ಅತ್ತದ್ದು, ಹಾವು ಪೊರೆ ಬಿಟ್ಟ ಹಾಗೆ ಅದು ಕಳಚಿಟ್ಟ ಅಂಗಿಗೆ.

ಕಡಲು ಗೊತ್ತಿಲ್ಲದ ಅಜ್ಜಿ

ರಾಯಚೂರು
೨೯ ಡಿಸೆಂಬರ್ ೨೦೨೪, ಭಾನುವಾರ

ನನ್ನ ಅಜ್ಜಿಗೆ,

ನಿನ್ನ ಕಾಗದ ಕೈಗೆ ಬಂದಾಗ ನನ್ನದು ಆಗಲೇ ಅಪ್ಪನ ಜೇಬಿಗೆ ಹೋಗಿತ್ತು. ಇಬ್ಬರೂ ಒಂದೇ ದಿನ ಒಂದೇ ಗಂಟು ಬಿಚ್ಚಿದ್ದೇವೆ. ನಾನು ಪುಸ್ತಕ ನೋಡಿ ಬಿಚ್ಚಿದೆ. ನೀನು ಒಂದು ದಿನ ಮರಿ ಹೊರಗಿಟ್ಟು, ಒಂದು ದಿನ ಒಳಗಿಟ್ಟು, ಪರೀಕ್ಷೆ ಮಾಡಿ ಬಿಚ್ಚಿದೆ. ನಮ್ಮ ಲ್ಯಾಬಿನಲ್ಲಿ ಹೇಳಿಕೊಡುವುದೂ ಹೀಗೆಯೇ. ಸೀಗಡಿಯ ಸುದ್ದಿಗೆ ಊಟದ ಕೋಣೆಯಲ್ಲಿ ಬೆಂಚು ಬಡಿದೆ, ಮೇಡಂ ಬೈದರು.

ಇವತ್ತು ಹೊರಗೆ ಬಿಟ್ಟಿದ್ದರು, ಮಿನಾಜ್ ಅಕ್ಕನ ಅಂಗಡಿಗೆ ಓಡಿದೆ. ಅಂಕಿ ಎಂಟಿದ್ದರೆ ಹವಳ ಉಸಿರು ಹಿಡಿದುಕೊಂಡಿರುತ್ತದೆ, ಆದರೆ ಅರಳಿ ಬೆಳೆಯಬೇಕೆಂದರೆ ಎಂಟು ಪಾಯಿಂಟ್ ಎರಡೇ ಬೇಕು ಎಂದಳು. ಎರಡು ಉಪಾಯ ಹೇಳಿದ್ದಾಳೆ. ಪೆಟ್ಟಿಗೆಯ ಕೊಳೆಯನ್ನು ನೊರೆಯಾಗಿ ತೆಗೆಯುವ ಮಷಿನ್ ಗಾಳಿ ಎಳೆದುಕೊಳ್ಳುತ್ತದಲ್ಲ, ಅದಕ್ಕೆ ಉದ್ದ ಪೈಪು ಸಿಕ್ಕಿಸಿ ಕಿಟಕಿಯಿಂದ ಹೊರಗೆ ಬಿಡು. ಕೋಣೆಯ ಗಾಳಿ ಬೇಡ, ಬಯಲಿನ ಗಾಳಿಯೇ ನೀರಿಗೆ ಹೋಗಲಿ. ಪೈಪು ಅಪ್ಪನ ಕೈಯಲ್ಲಿ ಕಳಿಸಿದ್ದೇನೆ. ಎರಡನೆಯದು ಸುಣ್ಣದ ತಿಳಿನೀರು. ಬಿಳೀ ನೀರು ಹಾಕಿದರೆ ಎಲ್ಲ ಸಾಯುತ್ತವೆ. ತಿಳಿ ಮಾತ್ರ, ಅದೂ ಹನಿಹನಿಯಾಗಿ, ದೀಪ ಆರಿಸಿದ ಮೇಲೆ. ಒಮ್ಮೆಲೇ ಸುರಿದರೆ ಅಂಕಿ ಹಾರಿ ಹೋಗುತ್ತದೆ. ಹನಿಹನಿಯಾಗಿ ಬಿಡುವ ಸಲಕರಣೆ ತನ್ನ ಹತ್ತಿರ ಮುಗಿದಿದೆ ಅಂದಳು. ಏನು ಮಾಡುತ್ತೀಯೋ ನೀನೇ ನೋಡು, ಈ ಸಲ ನಾನು ಹೇಳಿಕೊಡುವುದಿಲ್ಲ.

ನಿನ್ನ ಪ್ರಿಯಾ

ದೇವದುರ್ಗ
೪ ಜನವರಿ ೨೦೨೫

ಪ್ರಿಯಾ,

ಸುಣ್ಣದ ತಿಳಿ ಮಾಡಲು ನನಗೆ ಹೇಳಿಕೊಡುತ್ತಾಳಂತೆ ಮಿನಾಜ್! ಐವತ್ತು ವರ್ಷ ಎಲೆ ಅಡಿಕೆ ಹಾಕಿದ ಬಾಯಿ ಇದು. ತಿನ್ನುವ ಸುಣ್ಣವನ್ನು ನೀರಲ್ಲಿ ಕಲಸಿ, ಮುಚ್ಚಿ, ಒಂದು ದಿನ ಅಲುಗಾಡಿಸದೆ ಇಟ್ಟೆ. ಮೇಲೆ ಕಟ್ಟಿದ ಕೆನೆ ಸರಿಸಿ, ತಳದ ಗಸಿ ಕದಡದ ಹಾಗೆ ನಡುವಿನ ತಿಳಿ ಬಗ್ಗಿಸಿಕೊಂಡೆ.

ಹನಿಹನಿಯಾಗಿ ಬಿಡುವುದಕ್ಕೆ ಏನು ಮಾಡಿದೆ ಗೊತ್ತೇ? ಹೋದ ವರ್ಷ ಎಮ್ಮೆಗೆ ಗ್ಲೂಕೋಸ್ ಏರಿಸಿದಾಗ ದಸ್ತಗೀರ್ ಸಾಬ್ ಬಿಟ್ಟುಹೋದ ಒಂದು ಹೊಸ ಪೈಪು ಗೂಡಿನಲ್ಲಿತ್ತು, ಪೊಟ್ಟಣ ಸಹ ಒಡೆದಿರಲಿಲ್ಲ. ಬಾಟಲಿಗೆ ತಿಳಿ ತುಂಬಿ, ಗೋಡೆಯ ಮೊಳೆಗೆ ತೂಗುಹಾಕಿ, ಗಾಲಿ ತಿರುಗಿಸಿ ನಿಮಿಷಕ್ಕೆ ಹತ್ತು ಹನಿ ಬೀಳುವಂತೆ ಮಾಡಿದೆ. ನಿನ್ನ ಕಡಲಿಗೆ ಸಲೈನ್ ಏರಿಸಿದ್ದೇನೆ. ನಿನ್ನಪ್ಪ ನೋಡಿ, "ಇದೇನು ಯವ್ವಾ, ದವಾಖಾನಿ ಮಾಡಿಟ್ಟೀದಿ?" ಅಂದ. "ರೋಗಿ ಹುಷಾರಾಗಾಕತ್ಯಾದ, ಗದ್ಲ ಮಾಡಬ್ಯಾಡ" ಅಂದೆ.

ಎಳ್ಳಮಾಸಿ ಹಬ್ಬದ ಮರುದಿನ ಎಂಟು ಪಾಯಿಂಟ್ ಒಂದು ಬಂತು. ಅದರ ಮರುದಿನ ಮತ್ತೆ ಏಳು ಪಾಯಿಂಟ್ ಒಂಬತ್ತು. ತಲೆ ಕೆಟ್ಟುಹೋಯಿತು. ಮಷಿನ್ ಗುರ್ ಅನ್ನುತ್ತಿದೆ, ನೊರೆ ಇಲ್ಲ. ಕಿಟಕಿಯ ಹೊರಗೆ ಹೋಗಿ ನೋಡಿದರೆ ನೀನು ಕಳಿಸಿ ನಾನು ಮಷಿನ್‌ಗೆ ಸಿಕ್ಕಿಸಿದ ಪೈಪಿನ ತುದಿ ಒಂದು ಮರಿಯ ಬಾಯಿಯಲ್ಲಿ! ಕಿವಿಯ ಮೇಲೆ ಕಪ್ಪು ಮಚ್ಚೆ ಇರುವುದು, ಎಲ್ಲಕ್ಕಿಂತ ತುಂಟ. ಬಾಟಲಿ ಹಾಲು ಕುಡಿದ ರೂಢಿ, ಚೀಪಿ ಚೀಪಿ ಚಪ್ಪಟೆ ಮಾಡಿ ಹಾಕಿದೆ. ಮೊದಲು ಒಳಗೆ ಕೂತು ಕೆಡಿಸಿತು, ಈಗ ಹೊರಗೆ ನಿಂತು ಕೆಡಿಸುತ್ತಿದೆ. ಬೈದೆ, ಆಮೇಲೆ ನಗು ತಡೆಯಲಾಗಲಿಲ್ಲ. ಹಾಳಾದ ತುದಿ ಕತ್ತರಿಸಿ, ಪೈಪನ್ನು ಆಳೆತ್ತರಕ್ಕೆ ಕಟ್ಟಿ, ಬಾಯಿಗೆ ತೆಳು ಅರಿವೆ ಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಎಂಟು ಪಾಯಿಂಟ್ ಒಂದು. ಹವಳ ಒಂದು ಬೆರಳಷ್ಟು ಹೊರಗೆ ಬಂದು ನನ್ನನ್ನು ನೋಡಿತು.

ನಿನ್ನ ಅಜ್ಜಿ

ರಾಯಚೂರು
೯ ಜನವರಿ ೨೦೨೫

ಅಜ್ಜಿ,

ಸಂಕ್ರಾಂತಿಗೆ ನಮಗೆ ರಜೆ ಇಲ್ಲವಂತೆ, ವಿಶೇಷ ತರಗತಿ ಇಟ್ಟಿದ್ದಾರೆ. ನಾನು ಬರಲಾಗುವುದಿಲ್ಲ. ಪೆಟ್ಟಿಗೆ ಸಾಗಿಸಲು ಗದ್ದೆಪ್ಪ ಮಾಮಾನ ಸಾಮಾನು ಗಾಡಿಗೆ ಹೇಳಿಟ್ಟಿದ್ದೇನೆ ಅಂತ ಅಪ್ಪ ಗೇಟಿನ ಹತ್ತಿರ ಬಾಯಿ ಬಿಟ್ಟ. ಮಿನಾಜ್ ಅಕ್ಕನಿಂದ ಖಾಲಿ ಕ್ರೇಟುಗಳನ್ನೂ ತಂದಿದ್ದಾನೆ. ನಾನು ಅಲ್ಲಿದ್ದರೆ ಪೆಟ್ಟಿಗೆಗೆ ಅಡ್ಡ ನಿಲ್ಲುತ್ತಿದ್ದೆ.

ನನ್ನ ಜಾಗದಲ್ಲಿ ನೀನು ನಿಲ್ಲು. ಕಡಲು ಗೊತ್ತಿರುವವಳು ಮನೆಯಲ್ಲಿ ನೀನೊಬ್ಬಳೇ.

ಪ್ರಿಯಾ

ದೇವದುರ್ಗ
೧೫ ಜನವರಿ ೨೦೨೫

ಪ್ರಿಯದರ್ಶಿನಿಗೆ ಅಜ್ಜಿ ಆದೆಮ್ಮ ಹಬ್ಬದ ಮರುದಿನ ಬರೆಯುವುದು.

ಮೊದಲು ಕೂತುಕೋ, ಆಮೇಲೆ ಓದು.

ನಿನ್ನೆ ಎಣ್ಣೆನೀರು ಆಗಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುತ್ತಿದ್ದೆ. ಗಾಡಿಯ ಸದ್ದು ಕೇಳಿತು. ಗದ್ದೆಪ್ಪ ಕೆಳಗಿಳಿದ, ನಿನ್ನಪ್ಪ ಎರಡು ಕ್ರೇಟು ಹೊತ್ತು ಒಳಗೆ ಬಂದ.

"ಯವ್ವಾ, ಮಾತು ಅಂದ್ರ ಮಾತು. ಸಂಕ್ರಾಂತಿ ಬಂತು."

"ಬಂತು. ಮದ್ಲ ಕೈಕಾಲು ತೊಳ್ಕೋ. ಆಮ್ಯಾಲ ಆ ಪೆನ್ನು ತಗೊಂಡು ನೀನೇ ನೀರಾಗ ಅದ್ದು. ನಾ ಹೇಳಿದ್ರ ಮುದುಕಿ ಕಣ್ಣು ಅಂತೀದಿ."

ಅದ್ದಿದ. ನೋಡಿದ. ಒರೆಸಿ ಮತ್ತೆ ಅದ್ದಿದ.

"ಎಂಟು ಪಾಯಿಂಟ್ ಎರಡು" ಅಂದ ಸಣ್ಣ ದನಿಯಲ್ಲಿ.

ಕೇಳಿಸಿತ್ತು ನನಗೆ. ಆದರೂ, "ಕಿವಿ ಮಂದ, ಜೋರಾಗಿ ಹೇಳಪ" ಅಂದೆ. ಅಂಗಳದಲ್ಲಿದ್ದ ಗದ್ದೆಪ್ಪನಿಗೂ ಕೇಳುವಂತೆ ಕೂಗಿ ಹೇಳಿದ. ಮೂರನೆಯ ಸಲವೂ ಹೇಳಿಸುತ್ತಿದ್ದೆ, ನಿನ್ನ ಅವ್ವ ನಗತೊಡಗಿದಳು.

ಆಮೇಲೆ ಕೈ ಹಿಡಿದು ಹವಳದ ಮುಂದೆ ಕೂರಿಸಿದೆ. ಪ್ರಿಯಾ, ನೀನು ನೋಡಬೇಕಿತ್ತು. ನನ್ನ ಅಂಗೈಗಿಂತ ಅಗಲಕ್ಕೆ ಅರಳಿದೆ. ಹಸಿರು ಮರಳಿದೆ, ತುದಿತುದಿಗೆ ಹೊಂಬಣ್ಣ ಬಂದಿದೆ, ನೀರು ಆಡಿದ ಹಾಗೆ ಆಡುತ್ತದೆ. ನಿನ್ನಪ್ಪ ಕಣ್ಣು ಮಿಟುಕಿಸದೆ ನೋಡಿದ. ನಾನು ಮೂರು ದಿನದಿಂದ ಒಂದು ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ಆಗ ಬಿಚ್ಚಿದೆ. ಆ ಹವಳಕ್ಕೆ ನಡುವೆ ಒಂದೇ ಬಾಯಿ ಇತ್ತಲ್ಲ, ಈಗ ಎರಡಿವೆ. ನಡುವೆ ಸೊಂಟದ ಹಾಗೆ ಕಿರಿದಾಗಿ ಒಂದು ಎರಡಾಗುತ್ತಿದೆ. ಎಷ್ಟು ಹೆರಿಗೆ ಮಾಡಿಸಿದ ಕೈ ಇದು, ನನಗೆ ತಿಳಿಯದೇ? "ಮರಿ ಹಾಕಾಕತ್ಯಾದ ನೋಡಪ. ಹೆತ್ತವಳನ್ನ ಮನಿ ಬಿಡಿಸಿ ಕಳಿಸ್ತೀಯೇನು?" ಅಂದೆ.

ಕ್ರೇಟುಗಳನ್ನು ಕಾಲಿಂದ ಬದಿಗೆ ಸರಿಸಿದ. ಆಮೇಲೆ ಏನು ಹೇಳಿದ ಗೊತ್ತೇ? "ದಿನಾ ಬೆಳಿಗ್ಗಿ ಬಸ್ ಹತ್ತಾಕ ಹೋಗಾಗ ಈ ಹವಳದ ಕಡಿ ನೋಡ್ತಿದ್ದಿಲ್ಲ ಯವ್ವಾ. ಸತ್ತಿದ್ರ ಅಕಿಗಿ ಹೆಂಗ ಹೇಳಲಿ ಅನ್ನೋ ಅಂಜಿಕಿ" ಅಂದ. ಇಷ್ಟು ದಿನ ಅವನನ್ನು ಕಲ್ಲೆಂದುಕೊಂಡಿದ್ದೆವು. ನಾವು ಅಂಟು ಹಚ್ಚಿದ ಕಾಗದ ಹೊತ್ತು ತಿರುಗಿದ್ದಾನೆ, ಒಂದು ದಿನವೂ ಒಡೆದು ನೋಡಿಲ್ಲ.

ಬಾಡಿಗೆ ಗಾಡಿ ಖಾಲಿ ಹೋಗಬಾರದಲ್ಲ. ಒಂಬತ್ತು ಮರಿಗಳೂ ಗಟ್ಟಿಯಾಗಿವೆ, ಹುಲ್ಲು ಕಡಿಯುತ್ತವೆ. ಮೀನಿಗೆಂದು ತಂದ ಕ್ರೇಟುಗಳಲ್ಲಿ ಅವನ್ನೇ ಕೂರಿಸಿ ಮಾನ್ವಿಗೆ ಕಳಿಸಿದೆವು. ದುರುಗೇಶನ ಮಂದೆ ಸೇರಿಕೊಂಡವು. ಪೈಪು ಚೀಪಿದವನು ಹೋಗುವಾಗ ಕ್ರೇಟಿನಿಂದ ತಲೆ ಹೊರಗೆ ಹಾಕಿ ಅರಚಿದ, ಗಾಡಿ ತಿರುವು ದಾಟುವವರೆಗೆ ನಿಂತು ನೋಡಿದೆ. ಮನೆಗೆ ಬಂದು ನಿನ್ನ ಕಡಲಿನ ಮುಂದೆ ಕೂತೆ. ಇಷ್ಟು ಸಂತೋಷ ನನಗೆ ಯಾವ ಸಂಕ್ರಾಂತಿಯಲ್ಲೂ ಆಗಿರಲಿಲ್ಲ.

ಕೆಳಗಿನ ಜಾಗ ನಿನ್ನಪ್ಪನಿಗೆ. ಬರೆಯುವುದಿಲ್ಲ ಎಂದ, ಪೆನ್ನು ಕೈಗೆ ಕೊಟ್ಟು ಎದುರಿಗೇ ಕೂತಿದ್ದೇನೆ.

ನಿನ್ನ ಅಜ್ಜಿ

ಪ್ರಿಯಾ,

ಕಾಗದ ಬರೆದು ಇಪ್ಪತ್ತು ವರ್ಷವಾಯಿತು, ಅಕ್ಷರ ನೋಡಿ ನಗಬೇಡ. ಇನ್ನು ಮುಂದೆ ಬೆಳಗಿನ ಅಂಕಿ ನನ್ನ ಪಾಳಿ, ಸಂಜೆಯದು ಅಜ್ಜಿಯದು. ಒಂಬತ್ತು ಅಂಕ ಬಂದಿದ್ದನ್ನು ಅಜ್ಜಿ ಬಾಯಿ ತಪ್ಪಿ ಹೇಳಿಬಿಟ್ಟಳು. ಇರಲಿ, ಅದೂ ಏರುತ್ತದೆ.

ಇವತ್ತು ಬೆಳಿಗ್ಗೆ ಎಂಟು ಪಾಯಿಂಟ್ ಎರಡು. ನಾನೇ ನೋಡಿದೆ. ಕಿಟಕಿ ತೆರೆದೇ ಇದೆ.

ಅಪ್ಪ